ಆರ್ಗ್ಯುಮೆಂಟ್ ಟೈಪ್ ಬದಲಿಸುವ ಡೆಕೊರೇಟರ್: ಟೈಪ್ ಚೆಕರ್‌ಗೆ ಅರ್ಥವಾಗುವಂತೆ ಬರೆಯೋದು ಹೇಗೆ

ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ಮಳೆ ಪುಸ್ತಕದಲ್ಲಿ ಲೆಕ್ಕ ಇಂಚಿನಲ್ಲಿ ಇರುತ್ತದೆ. ಇಂಚಿನ ನೂರನೇ ಭಾಗಕ್ಕೆ ಸೆಂಟ್ ಅಂತಾರೆ. ‘ಆಲ್ದೂರಲ್ಲಿ ಎಂಬತ್ತು ಸೆಂಟ್ ಬಂತಂತೆ’ ಅಂದರೆ 0.80 ಇಂಚು. ಹವಾಮಾನ ಇಲಾಖೆಯ ಅಂಕಿ ಮಾತ್ರ ಮಿಲಿಮೀಟರ್‌ನಲ್ಲಿ ಬರುತ್ತದೆ. ಒಂದು ಇಂಚು 25.4 ಮಿಲಿಮೀಟರ್. ತೋಟದ ಲೆಕ್ಕಕ್ಕೆ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಬರೆಯಲು ಕೂತವರಿಗೆ ಈ ಎರಡು ಅಳತೆಗಳ ಜಗಳ ಮೊದಲ ದಿನವೇ ಎದುರಾಗುತ್ತದೆ.

ಡೆಕೊರೇಟರ್ (ಒಂದು ಫಂಕ್ಷನ್ ತಗೊಂಡು ಅದಕ್ಕೆ ಹೊದಿಕೆ ಹಾಕಿ ವಾಪಸ್ ಕೊಡುವ ಫಂಕ್ಷನ್) ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಒಳಗಿನ ಫಂಕ್ಷನ್‌ಗಳೆಲ್ಲ ಮಿಲಿಮೀಟರ್ ತಗೊಳ್ಳಲಿ. ಹೊರಗಿನಿಂದ ಕರೆಯುವವರು ಇಂಚು ಕೊಡಲಿ. ನಡುವೆ ಕೂತ ಡೆಕೊರೇಟರ್ ಬದಲಿಸಿ ಕೊಡಲಿ. ಕೋಡ್ ಓಡುತ್ತದೆ, ಸರಿ. ಆದರೆ ಟೈಪ್ ಚೆಕರ್‌ಗೆ, ಅಂದರೆ ಕೋಡ್ ಓಡಿಸುವ ಮೊದಲೇ ಟೈಪ್ ತಪ್ಪು ಹುಡುಕುವ ಉಪಕರಣಕ್ಕೆ, ಈ ಬದಲಾವಣೆ ಗೊತ್ತಾಯಿತಾ? ಗೊತ್ತಾಗದಿದ್ದರೆ ಎರಡು ಇಂಚಿನ ಹೂಮಳೆ ಎರಡು ಮಿಲಿಮೀಟರ್ ಅಂತ ದಾಖಲಾಗಬಹುದು. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನೋ ತೀರ್ಮಾನ ಆ ಅಂಕಿಯ ಮೇಲೆ ನಿಂತಿರುತ್ತದೆ. ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ಎರರ್ ಕೂಡ ಬರುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ: ಆರ್ಗ್ಯುಮೆಂಟ್ ಬದಲಿಸುವ ಡೆಕೊರೇಟರ್‌ನ ಸಿಗ್ನೇಚರ್‌ನಲ್ಲಿ (ಆರ್ಗ್ಯುಮೆಂಟ್ ಮತ್ತು ರಿಟರ್ನ್ ಟೈಪ್ ಬರೆಯುವ ತಲೆಸಾಲಿನಲ್ಲಿ) ‘ಇದು ಬರುತ್ತದೆ, ಇದು ಹೋಗುತ್ತದೆ’ ಅನ್ನೋದು ಇದ್ದದ್ದು ಇದ್ದ ಹಾಗೆ ಇರಬೇಕು. ಅದನ್ನು ಬರೆಯೋದು ಹೇಗೆ, ಎಲ್ಲಿ ಆಗುವುದಿಲ್ಲ, ಆಗದಿದ್ದಾಗ ಏನು ಮಾಡಬೇಕು ಅನ್ನೋದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಕೋಡನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಡೆಫ್, ರಿಟರ್ನ್‌ನಂಥ ಕೀವರ್ಡ್‌ಗಳನ್ನೂ ಲೈಬ್ರರಿ ಹೆಸರುಗಳನ್ನೂ ಎಡಿಟರ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ನಾವೇ ಇಟ್ಟ ಹೆಸರುಗಳನ್ನು ಪೈಥಾನ್ 3 ಕನ್ನಡದಲ್ಲೂ ಒಪ್ಪುತ್ತದೆ. ತಂಡದಲ್ಲಿ ಬೇರೆ ಭಾಷೆಯವರಿದ್ದರೆ ಅವನ್ನೂ ಇಂಗ್ಲಿಷ್‌ನಲ್ಲಿ ಇಡೋದು ಒಳ್ಳೆಯದು.

ಏನೇನು ಬೇಕು

ಪೈಥಾನ್ 3.12 ಅಥವಾ ಅದಕ್ಕಿಂತ ಹೊಸದು ಇದ್ದರೆ ಸಲೀಸು. ಪ್ಯಾರಮ್‌ಸ್ಪೆಕ್ ಮತ್ತು ಕಾನ್‌ಕ್ಯಾಟನೇಟ್ ಎಂಬ ಎರಡು ಮುಖ್ಯ ಉಪಕರಣಗಳು ಪೆಪ್ (ಪೈಥಾನ್ ಸುಧಾರಣೆಯ ಪ್ರಸ್ತಾವ) 612ರ ಮೂಲಕ ಪೈಥಾನ್ 3.10ಕ್ಕೆ ಬಂದವು. ಅವನ್ನು ಚಿಕ್ಕದಾಗಿ ಬರೆಯುವ ಹೊಸ ಸಿಂಟ್ಯಾಕ್ಸ್ ಪೆಪ್ 695ರಿಂದ 3.12ರಲ್ಲಿ ಬಂತು. ಹಳೆ ಪೈಥಾನ್ ಇದ್ದರೆ ಆ ಎರಡು ಉಪಕರಣಗಳನ್ನು ಟೈಪಿಂಗ್ ಎಕ್ಸ್‌ಟೆನ್ಷನ್ಸ್ ಪ್ಯಾಕೇಜ್‌ನಿಂದ ತರಿಸಿಕೊಳ್ಳಬಹುದು, ಹೊಸ ಸಿಂಟ್ಯಾಕ್ಸ್ ಮಾತ್ರ ಸಿಗುವುದಿಲ್ಲ. ಚೆಕರ್ ಆಗಿ ಮೈಪೈ ಅಥವಾ ಪೈರೈಟ್. ಎರಡನ್ನೂ ಪಿಪ್‌ನಿಂದ ಹಾಕಿಕೊಳ್ಳಬಹುದು. ಮೈಪೈಯನ್ನು ಸ್ಟ್ರಿಕ್ಟ್ ಮೋಡ್‌ನಲ್ಲೇ ಓಡಿಸಿ. ಯಾಕೆ ಅಂತ ಹೆಜ್ಜೆ 2ರಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 1: ಎರಡು ಅಳತೆಗೆ ಎರಡು ಟೈಪ್

ಇಂಚೂ ಫ್ಲೋಟ್, ಮಿಲಿಮೀಟರೂ ಫ್ಲೋಟ್ ಅಂತ ಬಿಟ್ಟರೆ ಚೆಕರ್‌ಗೆ ಎರಡೂ ಒಂದೇ. ಅದರ ಕಣ್ಣಿಗೆ ಡೆಕೊರೇಟರ್ ಏನನ್ನೂ ಬದಲಿಸಲೇ ಇಲ್ಲ. ಮೊದಲು ಬೇರೆ ಬೇರೆ ಮಾಡಿ.

```
ಇಂಚು = ನ್ಯೂಟೈಪ್("ಇಂಚು", ಫ್ಲೋಟ್)
ಮಿಮೀ = ನ್ಯೂಟೈಪ್("ಮಿಮೀ", ಫ್ಲೋಟ್)

ಡೆಫ್ ಮಳೆ_ಬರೆ(ಮಳೆ: ಮಿಮೀ, ಬ್ಲಾಕ್: ಸ್ಟ್ರ್, *, ದಿನ: ಡೇಟ್) -> ನನ್:
    ...
```

ನ್ಯೂಟೈಪ್ ಓಡುವಾಗ ಹೆಚ್ಚಿನ ಕೆಲಸ ಏನೂ ಮಾಡುವುದಿಲ್ಲ. ಇಂಚು(2.0) ಅಂದರೆ ಅದೇ 2.0 ವಾಪಸ್ ಬರುತ್ತದೆ. ಚೆಕರ್‌ಗೆ ಮಾತ್ರ ಇಂಚು ಬೇರೆ, ಮಿಮೀ ಬೇರೆ, ಬರೀ ಫ್ಲೋಟ್ ಇನ್ನೂ ಬೇರೆ. ಈಗ ಮಿಮೀ ಕೇಳಿದ ಕಡೆ ಬರೀ 2.0 ಕೊಟ್ಟರೂ ಅದು ತಡೆಯುತ್ತದೆ. ಇದೊಂದು ಹೆಜ್ಜೆಯಿಂದಲೇ ಅರ್ಧ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಡೆಕೊರೇಟರ್ ಬರೆಯುವ ಯೋಚನೆ ಇಲ್ಲದವರೂ ಇಷ್ಟನ್ನು ಮಾಡಿಕೊಳ್ಳಬಹುದು.

ಹೆಜ್ಜೆ 2: ಟೈಪ್ ಬರೆಯದಿದ್ದರೆ ಏನಾಗುತ್ತದೆ ಅಂತ ಒಮ್ಮೆ ನೋಡಿ

ಟೈಪ್ ಇಲ್ಲದ ಡೆಕೊರೇಟರ್ ಬರೆದು ಮಳೆ_ಬರೆ ಮೇಲೆ ಹಾಕಿ. ಕೆಳಗೆ ರಿವೀಲ್_ಟೈಪ್(ಮಳೆ_ಬರೆ) ಅಂತ ಒಂದು ಸಾಲು ಸೇರಿಸಿ (ಚೆಕರ್‌ಗೆ ಕಾಣುವ ಟೈಪನ್ನು ಅದು ತೋರಿಸುತ್ತದೆ) ಮೈಪೈ ಓಡಿಸಿ. ಉತ್ತರ: ಎನಿ. ಅಂದರೆ ಆ ಫಂಕ್ಷನ್‌ಗೆ ಇನ್ನು ಏನು ಬೇಕಾದರೂ ಕೊಡಬಹುದು, ಎಷ್ಟು ಬೇಕಾದರೂ ಕೊಡಬಹುದು. ನೀವು ಕಷ್ಟಪಟ್ಟು ಬರೆದ ಮಿಮೀ, ಸ್ಟ್ರ್, ಡೇಟ್ ಯಾವುದಕ್ಕೂ ಬೆಲೆ ಇಲ್ಲ. ಡೆಕೊರೇಟರ್ ನೂರು ಫಂಕ್ಷನ್ ಮೇಲೆ ಕೂತಿದ್ದರೆ ನೂರೂ ಹೋದವು.

ಪೈರೈಟ್ ಬೇರೆ ದಾರಿ ಹಿಡಿಯುತ್ತದೆ. ಟೈಪ್ ಬರೆಯದ ಡೆಕೊರೇಟರ್ ಏನು ಕೊಡುತ್ತದೆ ಅಂತ ಸ್ಪಷ್ಟವಾಗದಿದ್ದರೆ, ಅದು ಸಿಗ್ನೇಚರ್ ಮುಟ್ಟಿಲ್ಲ ಅಂತಲೇ ಭಾವಿಸುತ್ತದೆ. ಸಾಮಾನ್ಯ ಡೆಕೊರೇಟರ್‌ಗೆ ಇದು ಅನುಕೂಲ. ನಮ್ಮಂಥದ್ದಕ್ಕೆ ಮಾತ್ರ ಪೂರ್ತಿ ಉಲ್ಟಾ: ಸರಿಯಾಗಿ ಇಂಚು ಕೊಟ್ಟರೆ ತಪ್ಪು ಅನ್ನುತ್ತದೆ, ತಪ್ಪಾಗಿ ಮಿಮೀ ಕೊಟ್ಟರೆ ಸರಿ ಅನ್ನುತ್ತದೆ.

ಮೈಪೈಯ ಸ್ಟ್ರಿಕ್ಟ್ ಮೋಡ್‌ನಲ್ಲಿ ಟೈಪ್ ಇಲ್ಲದ ಡೆಕೊರೇಟರನ್ನು ಟೈಪ್ ಇರುವ ಫಂಕ್ಷನ್ ಮೇಲೆ ಹಾಕಿದರೆ ಎರರ್ ಬರುತ್ತದೆ. ಅದಕ್ಕೇ ಸ್ಟ್ರಿಕ್ಟ್ ಬೇಕು ಅಂದದ್ದು. ಎನಿ ಒಳಗೆ ಬರುವ ಬಾಗಿಲುಗಳಲ್ಲಿ ಡೆಕೊರೇಟರ್ ದೊಡ್ಡದು.

ಹೆಜ್ಜೆ 3: ಹಳೆಯ ಚಾಳಿ ಇಲ್ಲಿ ಸಲ್ಲದು

ಬಹಳ ಕಡೆ ಕಾಣುವ ಮಾದರಿ ಹೀಗಿದೆ. ಎಫ್ ಅಂತ ಒಂದು ಟೈಪ್‌ವಾರ್ (ಯಾವುದೋ ಒಂದು ಟೈಪಿಗೆ ನಿಲ್ಲುವ ಹೆಸರು), ಅದರ ಬೌಂಡ್, ಅಂದರೆ ಮಿತಿ, ಕಾಲೆಬಲ್[..., ಎನಿ] (ಯಾವುದೇ ಫಂಕ್ಷನ್). ಡೆಕೊರೇಟರ್ ಎಫ್ ತಗೊಂಡು ಎಫ್ ಕೊಡುತ್ತದೆ. ಒಳಗೊಂದು ಕ್ಯಾಸ್ಟ್ (‘ಇದು ಈ ಟೈಪೇ, ನಂಬು’ ಅನ್ನೋ ಮಾತು) ಹಾಕಿ ಚೆಕರ್ ಬಾಯಿ ಮುಚ್ಚಿಸುತ್ತಾರೆ.

‘ಬಂದದ್ದೇ ವಾಪಸ್ ಹೋಗುತ್ತದೆ’ ಅನ್ನೋದು ಈ ಸಿಗ್ನೇಚರ್‌ನ ಅರ್ಥ. ಫಂಕ್ಷನನ್ನು ಬರೀ ಒಂದು ಪಟ್ಟಿಗೆ ಸೇರಿಸಿ ಹಾಗೇ ಕೊಡುವ ಡೆಕೊರೇಟರ್‌ಗೆ ಇದು ಸತ್ಯ. ಇಂಚು ತಗೊಂಡು ಮಿಮೀ ಮಾಡುವ ಡೆಕೊರೇಟರ್‌ಗೆ ಇದು ಸುಳ್ಳು. ಚೆಕರ್ ಆ ಸುಳ್ಳನ್ನು ನಂಬಿ ಇಡೀ ಪ್ರಾಜೆಕ್ಟ್‌ಗೆ ಹರಡುತ್ತದೆ. ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ: ಡೆಕೊರೇಟರ್ ಒಳಗೆ ಕ್ಯಾಸ್ಟ್ ಬೇಕಾಯಿತು ಅಂದರೆ, ಹೊರಗಿನ ಸಿಗ್ನೇಚರ್ ನಿಜ ಹೇಳುತ್ತಿದೆಯಾ ಅಂತ ಇನ್ನೊಮ್ಮೆ ಓದಿ.

ಕಾಲೆಬಲ್[..., ಆರ್] ಅಂತ ವಾಪಸ್ ಕೊಡೋದು ಸುಳ್ಳಲ್ಲ, ಆದರೆ ಅರ್ಧ ಮೌನ. ರಿಟರ್ನ್ ಟೈಪ್ ಉಳಿಯುತ್ತದೆ, ಆರ್ಗ್ಯುಮೆಂಟ್ ಚೆಕ್ ಹೋಗುತ್ತದೆ. ನಮಗೆ ಬೇಕಾದದ್ದೇ ಆರ್ಗ್ಯುಮೆಂಟ್ ಚೆಕ್, ಅಲ್ವಾ?

ಹೆಜ್ಜೆ 4: ಮೊದಲ ಆರ್ಗ್ಯುಮೆಂಟ್ ಬದಲಿಸುವ ಡೆಕೊರೇಟರ್

ಈಗ ಅಸಲಿ ವಿಷಯ. ಪೂರ್ತಿ ಕೋಡ್ ಇಲ್ಲಿದೆ, ನಿಧಾನವಾಗಿ ಓದಿ.

```
ಡೆಫ್ ಇಂಚಿನಲ್ಲಿ[**ಪಿ, ಆರ್](
    ಎಫ್: ಕಾಲೆಬಲ್[ಕಾನ್‌ಕ್ಯಾಟನೇಟ್[ಮಿಮೀ, ಪಿ], ಆರ್],
) -> ಕಾಲೆಬಲ್[ಕಾನ್‌ಕ್ಯಾಟನೇಟ್[ಇಂಚು, ಪಿ], ಆರ್]:

    @ವ್ರ್ಯಾಪ್ಸ್(ಎಫ್)
    ಡೆಫ್ ಒಳಗೆ(ಮಳೆ: ಇಂಚು, /, *ಆರ್ಗ್ಸ್: ಪಿ.ಆರ್ಗ್ಸ್, **ಕ್ವಾರ್ಗ್ಸ್: ಪಿ.ಕ್ವಾರ್ಗ್ಸ್) -> ಆರ್:
        ರಿಟರ್ನ್ ಎಫ್(ಮಿಮೀ(ಮಳೆ * 25.4), *ಆರ್ಗ್ಸ್, **ಕ್ವಾರ್ಗ್ಸ್)

    ರಿಟರ್ನ್ ಒಳಗೆ
```

ಆರ್ ಅನ್ನೋದು ಸಾಮಾನ್ಯ ಟೈಪ್‌ವಾರ್. ಫಂಕ್ಷನ್ ಏನು ರಿಟರ್ನ್ ಮಾಡುತ್ತದೋ ಅದು. ಎರಡು ನಕ್ಷತ್ರ ಹಾಕಿದ ಪಿ ಪ್ಯಾರಮ್‌ಸ್ಪೆಕ್. ಇದು ಒಂದು ಟೈಪಿಗೆ ನಿಲ್ಲುವುದಿಲ್ಲ, ಇಡೀ ಪ್ಯಾರಾಮೀಟರ್ ಪಟ್ಟಿಗೆ ನಿಲ್ಲುತ್ತದೆ. ಹೆಸರು, ಡಿಫಾಲ್ಟ್, ಕೀವರ್ಡ್-ಮಾತ್ರ ಅನ್ನೋ ಗುರುತು, ಎಲ್ಲ ಅದರಲ್ಲಿ ಇರುತ್ತವೆ. ಕಾನ್‌ಕ್ಯಾಟನೇಟ್[ಮಿಮೀ, ಪಿ] ಅಂದರೆ ‘ಮೊದಲು ಒಂದು ಮಿಮೀ, ಆಮೇಲೆ ಉಳಿದದ್ದೆಲ್ಲ ಪಿ’.

ಸಿಗ್ನೇಚರನ್ನು ಈಗ ಒಂದೇ ವಾಕ್ಯದಲ್ಲಿ ಓದಬಹುದು. ಮೊದಲ ಆರ್ಗ್ಯುಮೆಂಟ್ ಮಿಮೀ ಆಗಿರುವ ಯಾವುದೇ ಫಂಕ್ಷನ್ ಕೊಡಿ, ಮೊದಲನೆಯದು ಇಂಚು ಆಗಿ ಉಳಿದದ್ದು ಹಾಗೇ ಇರುವ ಫಂಕ್ಷನ್ ಕೊಡುತ್ತೇನೆ.

ಮಳೆ_ಬರೆ ಮೇಲೆ ಇದನ್ನು ಹಾಕಿ ಮತ್ತೆ ರಿವೀಲ್_ಟೈಪ್ ಕೇಳಿ. ಈ ಸಲ ಮೊದಲ ಜಾಗದಲ್ಲಿ ಹೆಸರಿಲ್ಲದ ಇಂಚು, ಆಮೇಲೆ ಬ್ಲಾಕ್ ಸ್ಟ್ರ್, ಕೀವರ್ಡ್-ಮಾತ್ರ ದಿನ ಡೇಟ್, ಕೊನೆಗೆ ನನ್ ಕಾಣುತ್ತದೆ. ಈಗ ಕರೆದು ನೋಡಿ:

```
ಮಳೆ_ಬರೆ(ಇಂಚು(0.80), "ಮೇಲಿನ ಬ್ಲಾಕ್", ದಿನ=ಇವತ್ತು)   # ಸರಿ
ಮಳೆ_ಬರೆ(ಮಿಮೀ(20.3), "ಮೇಲಿನ ಬ್ಲಾಕ್", ದಿನ=ಇವತ್ತು)   # ಎರರ್: ಮೊದಲನೆಯದು ಇಂಚು ಬೇಕು
ಮಳೆ_ಬರೆ(ಇಂಚು(0.80), ದಿನ=ಇವತ್ತು)                    # ಎರರ್: ಬ್ಲಾಕ್ ಬಿಟ್ಟುಹೋಗಿದೆ
```

ಮೂರನೇ ಸಾಲಿನ ಎರರ್ ನನಗೆ ಬಹಳ ಇಷ್ಟ. ಬ್ಲಾಕ್ ಅನ್ನೋ ಹೆಸರು ಡೆಕೊರೇಟರ್ ಒಳಗೆ ಎಲ್ಲೂ ಇಲ್ಲ. ಪಿ ಅದನ್ನು ಹೊತ್ತು ತಂದಿದೆ.

ಒಳಗಿನ ಫಂಕ್ಷನ್‌ನಲ್ಲಿ ಎರಡು ವಿಷಯ ಗಮನಿಸಿ. ಪಿ.ಆರ್ಗ್ಸ್ ಮತ್ತು ಪಿ.ಕ್ವಾರ್ಗ್ಸ್ ಯಾವಾಗಲೂ ಜೋಡಿಯಾಗಿ ಬರಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಚೆಕರ್ ಒಪ್ಪುವುದಿಲ್ಲ. ಎಫ್ ಕರೆಯುವಾಗಲೂ ಎರಡನ್ನೂ ಕೊಡಲೇಬೇಕು. ಇನ್ನು ಮಳೆ ಪ್ಯಾರಾಮೀಟರ್ ಆದಮೇಲೆ ಇರುವ ಓರೆಗೆರೆ. ಅದು ‘ಇದನ್ನು ಹೆಸರು ಹಿಡಿದು ಕೊಡುವ ಹಾಗಿಲ್ಲ’ ಅನ್ನುತ್ತದೆ. ಕಾನ್‌ಕ್ಯಾಟನೇಟ್‌ನಿಂದ ಸೇರಿದ ಆರ್ಗ್ಯುಮೆಂಟ್ ಚೆಕರ್ ಲೆಕ್ಕದಲ್ಲಿ ಹೇಗೂ ಪೊಸಿಷನಲ್ (ಹೆಸರಿಲ್ಲದೆ ಸ್ಥಾನದಿಂದಲೇ ಕೊಡುವಂಥದ್ದು) ಮಾತ್ರ. ಓರೆಗೆರೆ ಹಾಕಿದರೆ ಓಡುವಾಗಿನ ನಡವಳಿಕೆಯೂ ಅದಕ್ಕೆ ಹೊಂದುತ್ತದೆ. ಹಾಗಾಗಿ ಹಳೆ ಕೋಡ್‌ನಲ್ಲಿ ಯಾರಾದರೂ ಮಳೆ=... ಅಂತ ಹೆಸರು ಹಿಡಿದು ಕರೆಯುತ್ತಿದ್ದರೆ, ಅಲ್ಲೆಲ್ಲ ಎರರ್ ಬರುತ್ತದೆ. ಅವನ್ನು ಪೊಸಿಷನಲ್ ಆಗಿ ತಿದ್ದಿಕೊಳ್ಳಿ.

ಹೆಜ್ಜೆ 5: ಆರ್ಗ್ಯುಮೆಂಟನ್ನೇ ತೆಗೆದುಹಾಕುವ ಡೆಕೊರೇಟರ್

ಡೇಟಾಬೇಸ್ ಕನೆಕ್ಷನ್ ತಾನೇ ತಂದುಕೊಡುವ ಡೆಕೊರೇಟರ್ ಎಲ್ಲ ಪ್ರಾಜೆಕ್ಟ್‌ನಲ್ಲೂ ಒಂದಿರುತ್ತದೆ. ಫಂಕ್ಷನ್‌ಗೆ ಕನೆಕ್ಷನ್ ಬೇಕು, ಕರೆಯುವವರು ಕೊಡಬೇಕಿಲ್ಲ.

```
ಡೆಫ್ ಕನೆಕ್ಷನ್_ಕೊಡು[**ಪಿ, ಆರ್](
    ಎಫ್: ಕಾಲೆಬಲ್[ಕಾನ್‌ಕ್ಯಾಟನೇಟ್[ಕನೆಕ್ಷನ್, ಪಿ], ಆರ್],
) -> ಕಾಲೆಬಲ್[ಪಿ, ಆರ್]: ...
```

ಎಡಕ್ಕೆ ಕಾನ್‌ಕ್ಯಾಟನೇಟ್ ಇದೆ, ಬಲಕ್ಕೆ ಬರೀ ಪಿ. ಕನೆಕ್ಷನ್ ಕಳೆಯಿತು. ಉಲ್ಟಾ ಬರೆದರೆ ಆರ್ಗ್ಯುಮೆಂಟ್ ಸೇರಿಸುವ ಡೆಕೊರೇಟರ್ ಆಗುತ್ತದೆ. ಕಮಾಂಡ್‌ಲೈನ್ ಪ್ರೋಗ್ರಾಂ ಬರೆಯುವ ಕ್ಲಿಕ್ ಲೈಬ್ರರಿಯ ಪಾಸ್_ಕಾಂಟೆಕ್ಸ್ಟ್ ಡೆಕೊರೇಟರ್‌ಗೆ ಇರುವುದು ಮೇಲಿನ ಕನೆಕ್ಷನ್_ಕೊಡು ಆಕಾರದ, ಅಂದರೆ ಮೊದಲನೆಯದನ್ನು ತೆಗೆಯುವ ಸಿಗ್ನೇಚರ್.

ಇಲ್ಲಿ ಚೆಕರ್ ಹಿಡಿಯದ ಒಂದು ಗುಂಡಿ ಇದೆ. ಒಳಗಿನ ಫಂಕ್ಷನ್ ವಿತ್ ಬ್ಲಾಕ್‌ನಲ್ಲಿ ಕನೆಕ್ಷನ್ ತೆರೆದು, ಎಫ್ ಕರೆದು, ಬಂದದ್ದನ್ನು ರಿಟರ್ನ್ ಮಾಡುತ್ತದೆ ಅಂದುಕೊಳ್ಳಿ. ಎಫ್ ಒಂದು ಅಸಿಂಕ್ ಫಂಕ್ಷನ್ ಆದರೆ? ಆಗ ಆರ್ ಅಂದರೆ ಕೊರೂಟೀನ್ (ಅವೇಟ್ ಮಾಡಿದಾಗಲೇ ಓಡುವ ಕೆಲಸ). ಟೈಪ್ ಎಲ್ಲ ಸರಿಯಾಗಿ ಕೂರುತ್ತದೆ. ಆದರೆ ಕೊರೂಟೀನ್ ಇನ್ನೂ ಓಡಿಯೇ ಇಲ್ಲ. ವಿತ್ ಬ್ಲಾಕ್ ಮುಗಿದು ಕನೆಕ್ಷನ್ ಮುಚ್ಚಿ, ಆಮೇಲೆ ಯಾರೋ ಅವೇಟ್ ಮಾಡುತ್ತಾರೆ. ಜನರೇಟರ್ ಫಂಕ್ಷನ್‌ಗೂ ಇದೇ ಗತಿ. ಅಸಿಂಕ್‌ಗೆ ಬೇರೆಯೇ ಡೆಕೊರೇಟರ್ ಬರೆಯಿರಿ. ಅದು ಕಾಲೆಬಲ್[ಕಾನ್‌ಕ್ಯಾಟನೇಟ್[ಕನೆಕ್ಷನ್, ಪಿ], ಅವೇಟಬಲ್[ಆರ್]] ತಗೊಳ್ಳಲಿ, ಒಳಗಿನದು ಅಸಿಂಕ್ ಡೆಫ್ ಆಗಿರಲಿ, ವಿತ್ ಬ್ಲಾಕ್ ಒಳಗೇ ಅವೇಟ್ ಆಗಲಿ. ಹೀಗೆ ಬರೆದರೆ ಸಾಮಾನ್ಯ ಫಂಕ್ಷನ್ ಮೇಲೆ ಅದನ್ನು ಅಪ್ಪಿತಪ್ಪಿ ಹಾಕಿದಾಗಲೂ ಚೆಕರ್ ತಡೆಯುತ್ತದೆ.

ಹೆಜ್ಜೆ 6: ಒಂದರ ಮೇಲೊಂದು ಹಾಕುವಾಗ ಕ್ರಮ

ಮಳೆ_ಬರೆಗೆ ಈಗ ಕನೆಕ್ಷನ್ ಕೂಡ ಬೇಕು ಅನ್ನೋಣ. ಪ್ಯಾರಾಮೀಟರ್‌ಗಳು ಕನೆಕ್ಷನ್, ಮಿಮೀ, ಬ್ಲಾಕ್ (ದಿನವನ್ನು ಇಲ್ಲಿಂದ ಮುಂದೆ ಬಿಟ್ಟಿದ್ದೇನೆ). ಡೆಕೊರೇಟರ್‌ಗಳು ಕೆಳಗಿನಿಂದ ಮೇಲೆ ಕೂರುತ್ತವೆ.

```
@ಇಂಚಿನಲ್ಲಿ
@ಕನೆಕ್ಷನ್_ಕೊಡು
ಡೆಫ್ ಮಳೆ_ಬರೆ(ಕ: ಕನೆಕ್ಷನ್, ಮಳೆ: ಮಿಮೀ, ಬ್ಲಾಕ್: ಸ್ಟ್ರ್) -> ನನ್: ...
```

ಕೆಳಗಿನದು ಮೊದಲು ಕನೆಕ್ಷನ್ ತೆಗೆಯುತ್ತದೆ. ಆಗ ಮಿಮೀ ಮೊದಲ ಸ್ಥಾನಕ್ಕೆ ಬರುತ್ತದೆ. ಮೇಲಿನದು ಅದನ್ನು ಇಂಚು ಮಾಡುತ್ತದೆ. ಎರಡು ಸಾಲು ಅದಲುಬದಲು ಮಾಡಿ ನೋಡಿ. ಇಂಚಿನಲ್ಲಿ ಡೆಕೊರೇಟರ್‌ಗೆ ಮೊದಲು ಮಿಮೀ ಬೇಕಿತ್ತು, ಸಿಕ್ಕಿದ್ದು ಕನೆಕ್ಷನ್. ಚೆಕರ್ ಡೆಕೊರೇಟರ್ ಸಾಲಿನಲ್ಲೇ ಎರರ್ ತೋರಿಸುತ್ತದೆ. ಟೈಪ್ ಬರೆಯದೇ ಇದ್ದಿದ್ದರೆ ಇದು ಗೊತ್ತಾಗುತ್ತಿದ್ದದ್ದು ಪ್ರೋಗ್ರಾಂ ಓಡಿದಾಗ, ಅದೂ ಕನೆಕ್ಷನ್ ಅನ್ನು 25.4ರಿಂದ ಗುಣಿಸಲು ಹೋದಾಗ ಅಥವಾ ಇನ್ನೂ ಒಳಗೆಲ್ಲೋ.

ಇನ್ನೊಂದು. ಫಂಕ್‌ಟೂಲ್ಸ್‌ನ ಎಲ್‌ಆರ್‌ಯು_ಕ್ಯಾಶ್ (ಹಿಂದಿನ ಕರೆಗಳ ಫಲವನ್ನು ನೆನಪಿಡುವ ಡೆಕೊರೇಟರ್) ಅನ್ನು ಎಲ್ಲಕ್ಕಿಂತ ಮೇಲೆ ಹಾಕಿದರೆ ನಿಮ್ಮ ಶ್ರಮವೆಲ್ಲ ಹೋಗುತ್ತದೆ. ಅದರ ಟೈಪ್ ಘೋಷಣೆಯಲ್ಲಿ ಆರ್ಗ್ಯುಮೆಂಟ್‌ಗಳೆಲ್ಲ ಬರೀ ‘ಹ್ಯಾಶ್ ಮಾಡಬಹುದಾದದ್ದು’. ಇಂಚೂ ಹ್ಯಾಶ್ ಆಗುತ್ತದೆ, ಮಿಮೀಯೂ ಆಗುತ್ತದೆ. ಕ್ಯಾಶ್ ಬೇಕಿದ್ದರೆ ಒಳಗಿನ ಚಿಕ್ಕ ಫಂಕ್ಷನ್‌ಗೆ ಹಾಕಿ, ಹೊರಗಿನದಕ್ಕೆ ಬೇಡ.

ಹೆಜ್ಜೆ 7: ಮೆಥಡ್‌ಗೆ ಒಂದು ಜಾಗ ಜಾಸ್ತಿ

ಕ್ಲಾಸ್ ಒಳಗಿನ ಮೆಥಡ್‌ನಲ್ಲಿ ಮೊದಲ ಆರ್ಗ್ಯುಮೆಂಟ್ ಸೆಲ್ಫ್. ಹಾಗಾಗಿ ಹೆಜ್ಜೆ 4ರ ಡೆಕೊರೇಟರ್ ಅಲ್ಲಿ ಕೂರುವುದಿಲ್ಲ. ಇನ್ನೊಂದು ಟೈಪ್‌ವಾರ್ ಸೇರಿಸಿ: ಕಾನ್‌ಕ್ಯಾಟನೇಟ್[ಎಸ್, ಮಿಮೀ, ಪಿ] ತಗೊಂಡು ಕಾನ್‌ಕ್ಯಾಟನೇಟ್[ಎಸ್, ಇಂಚು, ಪಿ] ಕೊಡಿ. ಒಂದೇ ಡೆಕೊರೇಟರ್ ಫಂಕ್ಷನ್‌ಗೂ ಮೆಥಡ್‌ಗೂ ಆಗಲಿ ಅಂತ ಓವರ್‌ಲೋಡ್ (ಒಂದೇ ಹೆಸರಿಗೆ ಹಲವು ಸಿಗ್ನೇಚರ್) ಬರೆಯುವವರಿದ್ದಾರೆ. ನನಗೆ ಎರಡು ಹೆಸರಿನ ಎರಡು ಡೆಕೊರೇಟರ್ ಇಡೋದೇ ವಾಸಿ ಅನಿಸುತ್ತದೆ. ಎರರ್ ಮೆಸೇಜ್ ಓದಲು ಆಗ ಸುಲಭ.

ಹೆಜ್ಜೆ 8: ಪರಿವರ್ತಕವನ್ನೇ ಆರ್ಗ್ಯುಮೆಂಟ್ ಮಾಡಿ

ಇಂಚಿಗೊಂದು, ಸೆಂಟಿಗೊಂದು, ಎಕರೆಗೊಂದು ಡೆಕೊರೇಟರ್ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಯಾವ ಟೈಪಿನಿಂದ ಯಾವ ಟೈಪಿಗೆ ಅನ್ನೋದನ್ನು ಪರಿವರ್ತಕ ಫಂಕ್ಷನ್ನೇ ಹೇಳಲಿ.

```
ಡೆಫ್ ಬದಲಿಸು[ಎ, ಬಿ, **ಪಿ, ಆರ್](
    ಪರಿವರ್ತಕ: ಕಾಲೆಬಲ್[[ಎ], ಬಿ],
) -> ಕಾಲೆಬಲ್[
    [ಕಾಲೆಬಲ್[ಕಾನ್‌ಕ್ಯಾಟನೇಟ್[ಬಿ, ಪಿ], ಆರ್]],
    ಕಾಲೆಬಲ್[ಕಾನ್‌ಕ್ಯಾಟನೇಟ್[ಎ, ಪಿ], ಆರ್],
]: ...
```

ಒಳಗಿನ ಫಂಕ್ಷನ್ ಬಿ ತಗೊಳ್ಳುತ್ತದೆ, ಹೊರಗಿನವರು ಎ ಕೊಡುತ್ತಾರೆ, ಪರಿವರ್ತಕ ಎ-ಯನ್ನು ಬಿ ಮಾಡುತ್ತದೆ. ದಿಕ್ಕು ತಪ್ಪಿದರೆ ಚೆಕರ್ ಒಪ್ಪುವುದಿಲ್ಲ.

ಇದರ ಬೆಲೆ ಗೊತ್ತಾಗುವುದು ಜಮೀನಿನ ಲೆಕ್ಕದಲ್ಲಿ. ಪಹಣಿಯ ವಿಸ್ತೀರ್ಣವನ್ನು ನಾವು 3-20 ಅಂತ ಬರೆದುಕೊಳ್ಳುತ್ತೇವೆ, 3 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಅಂದರೆ 140 ಗುಂಟೆ. ಯಾರೋ ಅದನ್ನು 3.20 ಎಕರೆ ಅಂತ ಫ್ಲೋಟ್ ಮಾಡಿಬಿಟ್ಟರೆ 128 ಗುಂಟೆ ಆಗುತ್ತದೆ. ಹನ್ನೆರಡು ಗುಂಟೆ ಮಾಯ. ಗೊಬ್ಬರದ ಲೆಕ್ಕ, ಕೂಲಿ ಲೆಕ್ಕ ಎಲ್ಲ ತಪ್ಪು. ಪಹಣಿ_ಪಠ್ಯ ಅಂತ ಸ್ಟ್ರ್‌ನಿಂದ ಒಂದು ನ್ಯೂಟೈಪ್, ಗುಂಟೆ ಅಂತ ಇಂಟ್‌ನಿಂದ ಇನ್ನೊಂದು ಮಾಡಿ. ಮೊದಲನೆಯದನ್ನು ಎರಡನೆಯದಕ್ಕೆ ಬದಲಿಸುವ ಒಂದೇ ಫಂಕ್ಷನ್ ಬರೆಯಿರಿ. ಗೊಬ್ಬರದ ಫಂಕ್ಷನ್ ಮೇಲೆ ಬದಲಿಸು(ಪಹಣಿ_ಓದು) ಅಂತ ಹಾಕಿ. ಇನ್ನು ಆ ಫಂಕ್ಷನ್‌ಗೆ 3.20 ಅನ್ನೋ ಫ್ಲೋಟ್ ಹೋಗಲು ದಾರಿಯೇ ಇಲ್ಲ.

ಪಿ ಮತ್ತು ಆರ್ ಇಲ್ಲಿ ರಿಟರ್ನ್ ಟೈಪ್‌ನಲ್ಲಿ ಮಾತ್ರ ಇವೆ. ಬದಲಿಸು(...) ಅಂತ ಕರೆದಾಗ ಅವು ಇನ್ನೂ ತೀರ್ಮಾನವಾಗಿರುವುದಿಲ್ಲ. ಚೆಕರ್‌ಗಳು ಅವನ್ನು ವಾಪಸ್ ಬರುವ ಡೆಕೊರೇಟರ್‌ಗೆ ಸೇರಿದ್ದು ಅಂತ ತಗೊಳ್ಳುತ್ತವೆ. ಇದನ್ನು ಇನ್ನೂ ಸ್ಪಷ್ಟ ಮಾಡಬೇಕು ಅನಿಸಿದರೆ, ಜೆನೆರಿಕ್ ಕಾಲ್ ಮೆಥಡ್ ಇರುವ ಒಂದು ಪ್ರೊಟೊಕಾಲ್ (ಯಾವ ಮೆಥಡ್ ಇರಬೇಕು ಅಂತ ಹೇಳುವ ಟೈಪ್) ಬರೆದು ಅದನ್ನೇ ರಿಟರ್ನ್ ಟೈಪ್ ಮಾಡಿ.

ಎಲ್ಲಿ ಕೈ ಕೊಡುತ್ತದೆ

ಕಾನ್‌ಕ್ಯಾಟನೇಟ್ ಕೆಲಸ ಮಾಡೋದು ಪಟ್ಟಿಯ ಆರಂಭದ ಪೊಸಿಷನಲ್ ಆರ್ಗ್ಯುಮೆಂಟ್‌ಗಳ ಮೇಲೆ ಮಾತ್ರ. ನಡುವಿನದನ್ನು, ಕೊನೆಯದನ್ನು, ಕೀವರ್ಡ್ ಆರ್ಗ್ಯುಮೆಂಟನ್ನು ಅದು ಮುಟ್ಟುವುದಿಲ್ಲ. ಇದು ತಿಳಿಯದೆ ಗಂಟೆಗಟ್ಟಲೆ ಒದ್ದಾಡುವವರು ಬಹಳ ಜನ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡೆಕೊರೇಟರ್ ಹಾಕಿದ ಎಲ್ಲ ಫಂಕ್ಷನ್‌ಗೂ ‘ಮರುಯತ್ನ’ ಅನ್ನೋ ಕೀವರ್ಡ್ ಸೇರಬೇಕು ಅಂದುಕೊಳ್ಳಿ. ಒಳಗಿನ ಫಂಕ್ಷನ್‌ನಲ್ಲಿ ಪಿ.ಆರ್ಗ್ಸ್ ಮತ್ತು ಪಿ.ಕ್ವಾರ್ಗ್ಸ್ ನಡುವೆ ಮರುಯತ್ನ: ಇಂಟ್ ಅಂತ ಬರೆದರೆ ಚೆಕರ್ ಒಪ್ಪುವುದಿಲ್ಲ. ಪೆಪ್ 612 ಇದನ್ನು ಬೇಕೆಂದೇ ತಡೆದಿದೆ. ಪಿ ಒಳಗೆ ಯಾವ ಹೆಸರಿನ ಪ್ಯಾರಾಮೀಟರ್ ಇದೆ ಅಂತ ಡೆಕೊರೇಟರ್‌ಗೆ ಗೊತ್ತಿಲ್ಲ. ಯಾವುದೋ ಫಂಕ್ಷನ್‌ಗೆ ಆಗಲೇ ಮರುಯತ್ನ ಅನ್ನೋ ಪ್ಯಾರಾಮೀಟರ್ ಇದ್ದರೆ ಯಾರದ್ದು ಯಾರಿಗೆ?

ದಾರಿಗಳಿವೆ. ಕೀವರ್ಡನ್ನು ಡೆಕೊರೇಟರ್‌ಗೇ ಕೊಡಿ, ಪ್ರತಿ ಕರೆಗೆ ಕೊಡಬೇಡಿ. ಹತ್ತಕ್ಕೆ ಎಂಟು ಸಲ ಇಷ್ಟೇ ಸಾಕು. ಪ್ರತಿ ಕರೆಗೂ ಬೇರೆ ಬೇರೆ ಬೇಕೇ ಬೇಕು ಅಂದರೆ, ಡೆಕೊರೇಟರ್ ಫಂಕ್ಷನ್ ಬದಲು ಒಂದು ಆಬ್ಜೆಕ್ಟ್ ಕೊಡಲಿ. ಪಿ ಮತ್ತು ಆರ್ ಇರುವ ಜೆನೆರಿಕ್ ಕ್ಲಾಸ್. ಅದರ ಕಾಲ್ ಮೆಥಡ್ ಸಾಮಾನ್ಯ ಕರೆಗೆ. ಮರುಯತ್ನದೊಂದಿಗೆ(3) ಅನ್ನೋ ಇನ್ನೊಂದು ಮೆಥಡ್ ಕಾಲೆಬಲ್[ಪಿ, ಆರ್] ಕೊಡುತ್ತದೆ. ಹೆಸರುಗಳು ಡಿಕ್ಕಿ ಹೊಡೆಯುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಆಬ್ಜೆಕ್ಟ್ ಆದ್ದರಿಂದ ಮೆಥಡ್ ಮೇಲೆ ಹಾಕಿದರೆ ಸೆಲ್ಫ್ ತಾನಾಗಿ ಬರುವುದಿಲ್ಲ. ಇದನ್ನು ಬಿಡಿ ಫಂಕ್ಷನ್‌ಗಳಿಗೆ ಮಾತ್ರ ಬಳಸಿ.

ಇನ್ನೊಂದು ಆಸೆ: ಫಂಕ್ಷನ್‌ನ ಎಲ್ಲ ಆರ್ಗ್ಯುಮೆಂಟ್‌ಗಳನ್ನೂ ಬದಲಿಸೋದು. ಒಳಗೆ ಇಂಟ್, ಡೇಟ್ ಏನೇ ಇರಲಿ, ಹೊರಗಿನಿಂದ ಸ್ಟ್ರ್ ಕೊಡಬಹುದು ಅನ್ನೋ ಹಾಗೆ. ಫಾರಂನಿಂದ ಬರುವ ಡೇಟಾಗೆ ಇದು ಬೇಕಾಗುತ್ತದೆ. ಪ್ಯಾರಮ್‌ಸ್ಪೆಕ್‌ನ ಪ್ರತಿ ಪ್ಯಾರಾಮೀಟರ್‌ಗೂ ಒಂದು ಬದಲಾವಣೆ ಹಚ್ಚುವ ವಿಧಾನ ಪೈಥಾನ್ ಟೈಪ್ ವ್ಯವಸ್ಥೆಯಲ್ಲಿ ಇಲ್ಲ. ಆರ್ಗ್ಯುಮೆಂಟ್‌ಗಳನ್ನು ಓಡುವಾಗ ಪರೀಕ್ಷಿಸಿ ಬದಲಿಸುವ ಪೈಡ್ಯಾಂಟಿಕ್‌ನ ವ್ಯಾಲಿಡೇಟ್_ಕಾಲ್ ಕೂಡ ಚೆಕರ್‌ಗೆ ಮೂಲ ಸಿಗ್ನೇಚರನ್ನೇ ತೋರಿಸುತ್ತದೆ. ಇಂಟ್ ಬೇಕಾದ ಕಡೆ "5" ಕೊಟ್ಟರೆ ಅದು ಓಡುವಾಗ 5 ಮಾಡಿಕೊಳ್ಳುತ್ತದೆ, ಚೆಕರ್ ಮಾತ್ರ ಎರರ್ ಅನ್ನುತ್ತದೆ.

ಇದಕ್ಕೆ ಮೂರು ಉಪಾಯ. ಒಂದು, ಒಂದು ಆರ್ಗ್ಯುಮೆಂಟ್‌ಗೆ, ಎರಡಕ್ಕೆ, ಮೂರಕ್ಕೆ ಅಂತ ಓವರ್‌ಲೋಡ್ ಬರೆಯೋದು. ಕೆಲಸ ಆಗುತ್ತದೆ, ಆದರೆ ಕಾಲೆಬಲ್[[ಎ, ಬಿ], ಆರ್] ಬರೆದ ಕೂಡಲೇ ಪ್ಯಾರಾಮೀಟರ್ ಹೆಸರೂ ಡಿಫಾಲ್ಟೂ ಹೋಗುತ್ತವೆ. ಎರಡು, ಎಲ್ಲ ಫಂಕ್ಷನ್‌ಗಳ ಆಕಾರ ಒಂದೇ ಆಗಿದ್ದರೆ ಕಾಲ್ ಮೆಥಡ್ ಇರುವ ಪ್ರೊಟೊಕಾಲ್ ಬರೆಯೋದು. ಇದರಲ್ಲಿ ಹೆಸರು, ಡಿಫಾಲ್ಟ್, ಕೀವರ್ಡ್ ಎಲ್ಲ ಉಳಿಯುತ್ತವೆ. ಮೂರು, ಮೈಪೈ ಪ್ಲಗಿನ್. ಪೈರೈಟ್‌ಗೆ ಪ್ಲಗಿನ್ ವ್ಯವಸ್ಥೆ ಇಲ್ಲದಿರುವುದರಿಂದ ಎಡಿಟರ್‌ನಲ್ಲಿ ಒಂದು ಉತ್ತರ, ಮೈಪೈಯಲ್ಲಿ ಇನ್ನೊಂದು ಅನ್ನೋ ಪರಿಸ್ಥಿತಿ ಬರುತ್ತದೆ. ಸಣ್ಣ ತಂಡಕ್ಕೆ ನಾನು ಇದನ್ನು ಹೇಳುವುದಿಲ್ಲ.

ನಾನಾದರೆ ವಿನ್ಯಾಸವನ್ನೇ ಬದಲಿಸುತ್ತೇನೆ. ಫಾರಂನಿಂದ ಬಂದ ಎಲ್ಲವನ್ನೂ ಒಂದು ಡೇಟಾಕ್ಲಾಸ್‌ಗೆ ತುಂಬಿ, ಫಂಕ್ಷನ್‌ಗೆ ಆ ಒಂದನ್ನೇ ಮೊದಲ ಆರ್ಗ್ಯುಮೆಂಟ್ ಆಗಿ ಕೊಡಿ. ಹತ್ತು ಆರ್ಗ್ಯುಮೆಂಟ್ ಬದಲಿಸುವ ಸಮಸ್ಯೆ ಒಂದನ್ನು ಬದಲಿಸುವ ಸಮಸ್ಯೆ ಆಯಿತು. ಹೆಜ್ಜೆ 8ರ ಡೆಕೊರೇಟರ್ ಅದಕ್ಕೆ ಸಾಕು.

ಹೆಜ್ಜೆ 9: ಓಡುವಾಗಿನ ಸಿಗ್ನೇಚರ್ ಕೂಡ ನೋಡಿ

ವ್ರ್ಯಾಪ್ಸ್ ಡೆಕೊರೇಟರ್ ಮೂಲ ಫಂಕ್ಷನ್‌ನ ಹೆಸರು, ಡಾಕ್‌ಸ್ಟ್ರಿಂಗ್ ಎಲ್ಲ ನಕಲು ಮಾಡುತ್ತದೆ. ಜೊತೆಗೆ ‘ವ್ರ್ಯಾಪ್ಡ್’ ಅನ್ನೋ ಗುಣದಲ್ಲಿ ಮೂಲ ಫಂಕ್ಷನ್‌ಗೆ ಒಂದು ಕೊಂಡಿ ಇಡುತ್ತದೆ. ಇನ್‌ಸ್ಪೆಕ್ಟ್ ಮಾಡ್ಯೂಲ್‌ನ ಸಿಗ್ನೇಚರ್ ಫಂಕ್ಷನ್ ಆ ಕೊಂಡಿ ಹಿಡಿದು ಹೋಗಿ ಮೂಲ ಸಿಗ್ನೇಚರನ್ನೇ ತೋರಿಸುತ್ತದೆ. ಸಿಗ್ನೇಚರ್ ಬದಲಿಸದ ಡೆಕೊರೇಟರ್‌ಗೆ ಇದು ವರ. ನಮ್ಮದಕ್ಕೆ ತೊಂದರೆ. ಚೆಕರ್ ಇಂಚು ಅನ್ನುತ್ತದೆ, ಇನ್‌ಸ್ಪೆಕ್ಟ್ ಮಿಮೀ ಅನ್ನುತ್ತದೆ.

ಬರೀ ನೀವೇ ಕರೆಯುವ ಫಂಕ್ಷನ್ ಆದರೆ ಚಿಂತೆ ಇಲ್ಲ. ಫಾಸ್ಟ್‌ಎಪಿಐ, ಪೈಟೆಸ್ಟ್‌ನಂಥವು ಮಾತ್ರ ಸಿಗ್ನೇಚರ್ ಓದಿ ಕೆಲಸ ಮಾಡುತ್ತವೆ. ಕನೆಕ್ಷನ್_ಕೊಡು ಹಾಕಿದ ಫಂಕ್ಷನನ್ನು ಅಲ್ಲಿಗೆ ಕೊಟ್ಟರೆ, ಡೆಕೊರೇಟರ್ ತೆಗೆದುಹಾಕಿದ ಕನೆಕ್ಷನನ್ನೂ ಅವು ಕೇಳುತ್ತವೆ. ಪರಿಹಾರ: ಡೆಕೊರೇಟರ್ ಒಳಗೆ ಇನ್‌ಸ್ಪೆಕ್ಟ್‌ನಿಂದ ಮೂಲ ಸಿಗ್ನೇಚರ್ ತಗೊಂಡು, ಮೊದಲ ಪ್ಯಾರಾಮೀಟರ್ ತೆಗೆದು ಅಥವಾ ಬದಲಿಸಿ, ಹೊಸ ಸಿಗ್ನೇಚರನ್ನು ಒಳಗಿನ ಫಂಕ್ಷನ್‌ನ ‘ಸಿಗ್ನೇಚರ್’ ಅನ್ನೋ ಡಬಲ್ ಅಂಡರ್‌ಸ್ಕೋರ್ ಗುಣಕ್ಕೆ ಸೆಟ್‌ಆಟರ್‌ನಿಂದ ಹಾಕಿ. ಆ ಗುಣ ಇದ್ದರೆ ಇನ್‌ಸ್ಪೆಕ್ಟ್ ಅಲ್ಲೇ ನಿಲ್ಲುತ್ತದೆ, ಮೂಲಕ್ಕೆ ಹೋಗುವುದಿಲ್ಲ.

ಹೆಜ್ಜೆ 10: ಟೈಪ್‌ಗೂ ಟೆಸ್ಟ್ ಬರೆಯಿರಿ

ಡೆಕೊರೇಟರ್ ಸಿಗ್ನೇಚರನ್ನು ಆರು ತಿಂಗಳ ನಂತರ ಯಾರೋ ತಿದ್ದುತ್ತಾರೆ, ಎಲ್ಲೋ ಎನಿ ನುಸುಳುತ್ತದೆ. ಎನಿ ಬಂದರೆ ಎರರ್‌ಗಳು ಕಡಿಮೆಯಾಗುತ್ತವೆಯೇ ಹೊರತು ಹೊಸದು ಬರುವುದಿಲ್ಲ. ಹಾಗಾಗಿ ಯಾರ ಗಮನಕ್ಕೂ ಬೀಳುವುದಿಲ್ಲ. ಇದನ್ನು ಹಿಡಿಯಲು ತಪ್ಪು ಕರೆಗಳನ್ನೇ ಒಂದು ಫೈಲಿನಲ್ಲಿ ಬರೆದಿಡಿ.

```
ಡೆಫ್ ಟೈಪ್_ಪರೀಕ್ಷೆ() -> ನನ್:
    ಮಳೆ_ಬರೆ(ಇಂಚು(1.0), "ಕೆಳಗಿನ ಬ್ಲಾಕ್")
    ಮಳೆ_ಬರೆ(ಮಿಮೀ(25.4), "ಕೆಳಗಿನ ಬ್ಲಾಕ್")  # ಟೈಪ್: ಇಗ್ನೋರ್[ಆರ್ಗ್-ಟೈಪ್]
    ಮಳೆ_ಬರೆ(ಇಂಚು(1.0))                    # ಟೈಪ್: ಇಗ್ನೋರ್[ಕಾಲ್-ಆರ್ಗ್]
```

ಮೈಪೈ ಸ್ಟ್ರಿಕ್ಟ್ ಮೋಡ್‌ನಲ್ಲಿ, ಬೇಕಿಲ್ಲದ ಕಡೆ ಇಗ್ನೋರ್ ಇದ್ದರೆ ಅದೇ ಒಂದು ಎರರ್. ಅಂದರೆ ಎರಡನೇ ಸಾಲು ಈಗ ತಪ್ಪಾಗಿರುವುದರಿಂದ ಇಗ್ನೋರ್‌ಗೆ ಅರ್ಥ ಇದೆ, ಮೈಪೈ ಸುಮ್ಮನಿರುತ್ತದೆ. ನಾಳೆ ಮಳೆ_ಬರೆ ಎನಿ ಆಗಿಬಿಟ್ಟರೆ ಆ ಸಾಲು ‘ಸರಿ’ ಆಗುತ್ತದೆ, ಇಗ್ನೋರ್ ವ್ಯರ್ಥವಾಗುತ್ತದೆ, ಮೈಪೈ ಕೂಗುತ್ತದೆ. ಇಗ್ನೋರ್ ಪಕ್ಕದ ಚೌಕ ಕಂಸದಲ್ಲಿ ಎರರ್ ಕೋಡ್ ಬರೆಯೋದು ಮರೆಯಬೇಡಿ. ಇಲ್ಲದಿದ್ದರೆ ಬೇರೆ ಯಾವುದೋ ಕಾರಣಕ್ಕೆ ಬಂದ ಎರರ್ ಕೂಡ ಅದರ ಕೆಳಗೆ ಅಡಗಿ ಕೂರುತ್ತದೆ.

ರಿಟರ್ನ್ ಟೈಪ್ ಉಳಿದಿದೆಯಾ ಅಂತ ನೋಡಲು ಪೈಥಾನ್ 3.11ರಲ್ಲಿ ಬಂದ ಅಸರ್ಟ್_ಟೈಪ್ ಇದೆ. ಫಂಕ್ಷನ್ ಕರೆದ ಫಲವನ್ನೂ ನೀವು ನಿರೀಕ್ಷಿಸಿದ ಟೈಪನ್ನೂ ಕೊಟ್ಟರೆ, ಎರಡೂ ಒಂದೇ ಅಲ್ಲದಿದ್ದಾಗ ಚೆಕರ್ ಎರರ್ ಕೊಡುತ್ತದೆ. ಎನಿ ಬಂದರೂ ಬಿಡುವುದಿಲ್ಲ.

ಈ ಫೈಲನ್ನು ಓಡಿಸಬೇಕಿಲ್ಲ, ಮೈಪೈಗೆ ತೋರಿಸಿದರೆ ಸಾಕು. ಅದಕ್ಕೇ ಎಲ್ಲವನ್ನೂ ಒಂದು ಫಂಕ್ಷನ್ ಒಳಗೆ ಇಟ್ಟಿದ್ದು. ಫಂಕ್ಷನ್‌ಗೆ ರಿಟರ್ನ್ ಟೈಪ್ ನನ್ ಅಂತ ಬರೆದಿರುವುದೂ ಸುಮ್ನೆ ಅಲ್ಲ. ಟೈಪೇ ಬರೆಯದ ಫಂಕ್ಷನ್‌ನ ಒಳಭಾಗವನ್ನು ಮೈಪೈ ಮಾಮೂಲಿ ಮೋಡ್‌ನಲ್ಲಿ ನೋಡುವುದಿಲ್ಲ. ಹೊಸ ಡೆಕೊರೇಟರ್ ಬರೆದಾಗಲೆಲ್ಲ ಇಲ್ಲಿ ಒಂದು ಸರಿಯಾದ ಕರೆ, ಎರಡು ತಪ್ಪು ಕರೆ ಸೇರಿಸಿ, ಆಮೇಲೆ ಕಮಿಟ್ ಮಾಡಿ.